ಸಂಕರ ಬಾತು ಮತ್ತು ಕಳೆದುಹೋದ ಚೀಟಿ: ಪುಣೆಯ ಒಂದು ಗಾಜುಪೆಟ್ಟಿಗೆಯನ್ನು ಕುರಿತು

1

ಮಧ್ಯಕಾಲೀನ ಕಾವ್ಯಗಳ ಪಾಠಪರಿಷ್ಕರಣದಲ್ಲಿ ವರ್ಷಗಳನ್ನು ಕಳೆದವರೊಬ್ಬರು ಬೇಟೆಯ ಬಾತನ್ನು ಕುರಿತು ಬರೆಯುವುದು ಓದುಗರಿಗೆ ವಿಚಿತ್ರವೆನಿಸಬಹುದು. ಅದಕ್ಕೆ ಕಾರಣವಾದ ಸಂದರ್ಭವನ್ನು ಮೊದಲು ನಿವೇದಿಸುವುದು ಉಚಿತ. ಹಸ್ತಪ್ರತಿಗಳ ಶೋಧದ ನಿಮಿತ್ತ ಪುಣೆಯ ಹಳೆಯ ಮನೆಯೊಂದಕ್ಕೆ ಹೋಗಿದ್ದಾಗ ಅಲ್ಲಿ ನಿರೀಕ್ಷಿಸಿದ ಓಲೆಗರಿಗಳು ದೊರೆಯಲಿಲ್ಲ. ಬದಲಾಗಿ ನಡುಮನೆಯ ಗೋಡೆಯ ಗೂಡಿನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಒಣಹುಲ್ಲಿನ ಮೇಲೆ ನಿಲ್ಲಿಸಿದ ಒಂದು ಬಾತು ಕಣ್ಣಿಗೆ ಬಿದ್ದಿತು. ಮನೆಯ ಹಿರಿಯರೊಬ್ಬರು ಸ್ವಾತಂತ್ರ್ಯಪೂರ್ವದಲ್ಲಿ ಬೇಟೆಯಾಡಿ ತಂದು ಸಿದ್ಧಪಡಿಸಿದ್ದೆಂದು ಮನೆಯವರು ಹೇಳಿದರು. ಎಲ್ಲಿ ಬೇಟೆಯಾಡಿದ್ದು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಪೆಟ್ಟಿಗೆಯ ಹಿಂಬದಿಗೆ ಅಂಟಿಸಿದ್ದ ಒಂದು ಕಾಗದ, ಗಾಜು ಬದಲಾಯಿಸುವಾಗ, ಹಳೆಯ ಹಲಗೆಯ ಜೊತೆಗೆ ಹೊರಗೆ ಹೋಗಿತ್ತು.

ಹಕ್ಕಿಯ ಮೈ, ಮಹಾರಾಷ್ಟ್ರದಲ್ಲಿ ‘ಹಳದೀಕುಂಕೂ ಬದಕ’ ಎಂದು ಕರೆಯುವ ಚುಕ್ಕೆಕೊಕ್ಕಿನ ಬಾತಿನದು: ಮೀನಿನ ಪೊರೆಯಂತೆ ಅಂಚುಗಟ್ಟಿದ ಕಂದು ಗರಿಗಳು, ತುದಿಯಲ್ಲಿ ಹಳದಿಯಿರುವ ಕಪ್ಪು ಕೊಕ್ಕು. ಆದರೆ ತಲೆಯ ಮೇಲೆ ಮಲಾರ್ಡ್ ಗಂಡಿನಲ್ಲಿ ಕಾಣುವಂಥ ಹಸಿರು ಹೊಳಪು ಮಂಕಾಗಿ ಉಳಿದಿತ್ತು. ಬಾಲದ ನಡುವಣ ಗರಿಗಳು ಮೇಲಕ್ಕೆ ಸುರುಳಿಗೊಂಡಿದ್ದವು. ಇದು ಎರಡು ಪ್ರಭೇದಗಳ ಸಂಕರವೇ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಓದಿದಾಗ, ಗ್ರಂಥಸಂಪಾದನೆಯಲ್ಲಿ ನಮಗೆ ಪರಿಚಿತವಾದ ಸಮಸ್ಯೆಗಳೇ ಇಲ್ಲಿಯೂ ಎದುರಾದವು. ಕರ್ನಾಟಕದ ಹೊರಗಿದ್ದು ಹಳೆಯ ಮನೆ, ಮಠ, ಗ್ರಂಥಭಂಡಾರಗಳಲ್ಲಿ ಶೋಧ ನಡೆಸುವ ಸಂಶೋಧಕರಿಗೆ ಈ ವಿಚಾರ ಉಪಯುಕ್ತವಾದೀತೆಂಬ ನಂಬಿಕೆಯಿಂದ ಅದನ್ನು ಇಲ್ಲಿ ಸಂಗ್ರಹಿಸಲಾಗಿದೆ.

2

ಬಾತುಗಳ ಕುಟುಂಬ ಸಂಕರಕ್ಕೆ ಹೆಸರಾದುದು. ಬಾತು, ಹೆಬ್ಬಾತು, ಹಂಸಗಳನ್ನೊಳಗೊಂಡ ಈ ಕುಟುಂಬದಲ್ಲಿ ಇರುವ ಪ್ರಭೇದಗಳು ಸುಮಾರು 170. ಆದರೆ ಪ್ರಭೇದ ಪ್ರಭೇದಗಳ ನಡುವಣ ಸಂಕರಗಳ ಜೋಡಿಗಳು 400ಕ್ಕೂ ಹೆಚ್ಚೆಂದು ಅಮೆರಿಕದ ಪಕ್ಷಿಶಾಸ್ತ್ರಜ್ಞ ಪಾಲ್ ಜಾನ್ಸ್‌ಗಾರ್ಡ್ 1960ರಲ್ಲಿಯೇ ಲೆಕ್ಕಹಾಕಿದ್ದರು. ಇವುಗಳಲ್ಲಿ ಬಹುಪಾಲು ಸಾಕಣೆಯಲ್ಲಿ ಹುಟ್ಟಿದವು; ಆದರೂ ಕಾಡಿನಲ್ಲಿ ಹುಟ್ಟಿದವು ಕಡಿಮೆಯೇನಲ್ಲ. ಹಲವು ಬಾತುಗಳು ಚಳಿಗಾಲದ ಕೆರೆಗಳಲ್ಲಿ ಬೆರೆತು ಬಾಳುತ್ತವೆ. ಅಲ್ಲಿಯೇ ಜೋಡಿಗೂಡಿ ಬಳಿಕ ಗೂಡಿನ ನೆಲೆಗೆ ಹೊರಡುತ್ತವೆ. ತನ್ನ ಜಾತಿಯ ಸಂಗಾತಿ ಸಿಗದ ಹಕ್ಕಿ ಅನ್ಯಜಾತಿಯ ಹಕ್ಕಿಯೊಡನೆ ಕೂಡುವುದು ಇಂಥ ಸನ್ನಿವೇಶದಲ್ಲಿ ಅಸಹಜವಲ್ಲ. ಹೀಗೆ ಹುಟ್ಟಿದ ಮರಿಗಳು ಎಲ್ಲ ಸಂದರ್ಭಗಳಲ್ಲಿಯೂ ಬಂಜೆಯಾಗಿರುವುದಿಲ್ಲ ಎಂಬುದು ಇನ್ನೂ ಮುಖ್ಯವಾದ ಅಂಶ. ಚಾರ್ಲ್ಸ್ ಡಾರ್ವಿನ್ 1859ರ ತನ್ನ ಪ್ರಸಿದ್ಧ ಗ್ರಂಥದಲ್ಲಿ, ಸಾಮಾನ್ಯ ಹೆಬ್ಬಾತು ಮತ್ತು ಚೀನೀ ಹೆಬ್ಬಾತುಗಳ ಸಂಕರದ ಹಿಂಡುಗಳನ್ನೇ ಭಾರತದಲ್ಲಿ ಸಾಕುತ್ತಿದ್ದರೆಂಬುದನ್ನು ಬ್ಲೈತ್ ಮತ್ತು ಹಟ್ಟನ್ ಎಂಬ ಇಬ್ಬರ ಸಾಕ್ಷ್ಯದ ಮೇಲೆ ದಾಖಲಿಸಿದ್ದಾನೆ. ಸಂಕರಸಂತತಿಯ ಫಲವಂತಿಕೆಯನ್ನು ಕುರಿತ ಅವನ ವಾದದಲ್ಲಿ ನಮ್ಮ ದೇಶದ ಹೆಬ್ಬಾತುಗಳಿಗೂ ಒಂದು ಸ್ಥಾನವಿದೆ.

ಗ್ರಂಥಸಂಪಾದಕರಿಗೆ ಈ ಸ್ಥಿತಿ ಹೊಸದಲ್ಲ. ಒಂದು ಪ್ರತಿಯಿಂದ ಇನ್ನೊಂದು, ಅದರಿಂದ ಮತ್ತೊಂದು ಎಂಬ ಕ್ರಮದಲ್ಲಿ ಹಸ್ತಪ್ರತಿಗಳು ಇಳಿದುಬಂದಿದ್ದರೆ ಅವುಗಳ ವಂಶವೃಕ್ಷವನ್ನು ಬರೆಯುವುದು ಸುಲಭ. ಲಿಪಿಕಾರನು ಎರಡು ಪ್ರತಿಗಳನ್ನು ಮುಂದಿಟ್ಟುಕೊಂಡು ಒಂದರ ಪಾಠವನ್ನು ಮತ್ತೊಂದಕ್ಕೆ ಬೆರೆಸಿದಾಗ ಕೊಂಬೆ ಕೊಂಬೆಗಳು ಹೆಣೆದುಕೊಳ್ಳುತ್ತವೆ. ಪುಣೆಯಲ್ಲಿಯೇ, 1917ರಲ್ಲಿ ಸ್ಥಾಪಿತವಾದ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ, 1919ರಲ್ಲಿ ಆರಂಭವಾಗಿ 1966ರಲ್ಲಿ ಮುಗಿದ ಮಹಾಭಾರತದ ಪರಿಷ್ಕರಣಕಾರ್ಯ ಎದುರಿಸಿದ ಬಹುದೊಡ್ಡ ತೊಡಕು ಇದೇ. ವಿ. ಎಸ್. ಸುಕ್ಥಣ್‌ಕರ್ ಅವರು 1933ರ ಆದಿಪರ್ವದ ಪೀಠಿಕೆಯಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಕನ್ನಡದಲ್ಲಿ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ (1964) ಈ ಶಾಸ್ತ್ರದ ಆಧಾರಗ್ರಂಥ. ಸಂಕರ ಪಾಠವನ್ನು ಗುರುತಿಸುವಾಗ ಸಂಪಾದಕನು ಮೊದಲು ಕೇಳುವ ಪ್ರಶ್ನೆ: ಈ ಪ್ರತಿ ಯಾವ ಊರಿನಲ್ಲಿ, ಯಾವಾಗ, ಯಾರಿಂದ ಬರೆಯಲ್ಪಟ್ಟಿತು? ಅದಕ್ಕೆ ಉತ್ತರ ಕೃತಿಯ ಒಡಲಿನಲ್ಲಿಲ್ಲ, ಕೊನೆಯ ಪುಷ್ಪಿಕೆಯಲ್ಲಿದೆ. ಬಾತಿನ ಸಂದರ್ಭದಲ್ಲಿ ಆ ಪುಷ್ಪಿಕೆಯೆಂದರೆ ಕಾಲಿಗೆ ಕಟ್ಟಿದ ಚೀಟಿ.

3

ಸಂಕರವೆಂಬ ನಿರ್ಣಯ ಎಷ್ಟು ಅಪಾಯಕರವಾದುದೆಂಬುದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು. ಅವು ಪರಸ್ಪರ ವಿರುದ್ಧ ದಿಕ್ಕಿನವು.

ಮೊದಲನೆಯದು ಅಮೆರಿಕದ್ದು. ಪಕ್ಷಿಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್ 1822ರಲ್ಲಿ ಲೂಯಿಸಿಯಾನದಲ್ಲಿ ದೊರೆತ ಒಂದು ಗಂಡು ಬಾತನ್ನು ಚಿತ್ರಿಸಿ, ಅದನ್ನು ಹೊಸ ಪ್ರಭೇದವೆಂದು ಬಗೆದು, ಮುಂದೆ ತನ್ನ ಮಿತ್ರ ಬ್ರೂವರ್‌ನ ಹೆಸರನ್ನು ಅದಕ್ಕಿಟ್ಟನು. ಅದು ಮಲಾರ್ಡ್ ಮತ್ತು ಗ್ಯಾಡ್‌ವಾಲ್ ಬಾತುಗಳ ಸಂಕರವೆಂದು ಇಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಇಲ್ಲಿ ಸಂಕರವು ಪ್ರಭೇದವಾಗಿ ಮೆರೆಯಿತು.

ಎರಡನೆಯದು ನಮಗೆ ಹೆಚ್ಚು ಸಮೀಪದ್ದು. ಏಕೆಂದರೆ ಅದರಲ್ಲಿ ನಮ್ಮ ಕಾವ್ಯಗಳ ಜಕ್ಕವಕ್ಕಿಯ ಹೆಸರು ಸೇರಿಕೊಂಡಿದೆ. ಸಂಸ್ಕೃತದ ಚಕ್ರವಾಕ, ಕನ್ನಡದ ಜಕ್ಕವಕ್ಕಿ, ಇರುಳಾದೊಡನೆ ಜೋಡಿಯಗಲುವ ಹಕ್ಕಿಯೆಂಬ ಕವಿಸಮಯದಿಂದ ಪ್ರಸಿದ್ಧವಾದುದು. ಲಡಾಖ್, ಟಿಬೆಟ್ ಮೊದಲಾದ ಎತ್ತರದ ಸರೋವರಗಳ ಬಳಿ ಮರಿಮಾಡಿ, ಚಳಿಗಾಲದಲ್ಲಿ ದಖ್ಖನಿನ ಕೆರೆಗಳಿಗೆ ಇಳಿದುಬರುವ ಈ ಕಿತ್ತಳೆಗಂದು ಬಣ್ಣದ ಹಕ್ಕಿಯನ್ನು ಪುಣೆ ಜಿಲ್ಲೆಯ ಭಿಗವಣದಲ್ಲಿ, ಉಜನಿ ಜಲಾಶಯದ ಹಿನ್ನೀರಿನಲ್ಲಿ, ಇಂದಿಗೂ ನೋಡಬಹುದು. 1877ರಲ್ಲಿ ರಷ್ಯದ ವ್ಲಾಡಿವೊಸ್ಟಾಕ್ ಸಮೀಪ ದೊರೆತ, ಜುಟ್ಟಿನ ತಲೆಯ ಒಂದು ಹೆಣ್ಣು ಬಾತಿನ ತೊಗಲನ್ನು ಪರೀಕ್ಷಿಸಿದ ಇಂಗ್ಲೆಂಡಿನ ವಿದ್ವಾಂಸ ಸ್ಕ್ಲೇಟರ್, ಅದು ಜಕ್ಕವಕ್ಕಿ ಹಾಗೂ ಕುಡುಗೋಲುಗರಿಯ ಬಾತುಗಳ ಸಂಕರವಿರಬೇಕೆಂದು 1890ರಲ್ಲಿ ಪ್ರಕಟಿಸಿದನು. ಅಲ್ಲಿಗೆ ಪ್ರಶ್ನೆ ಮುಗಿದಂತಿತ್ತು. ಆದರೆ 1916ರ ಡಿಸೆಂಬರಿನಲ್ಲಿ ಕೊರಿಯದ ಬುಸಾನ್ ಬಳಿಯ ನಕ್ಟೊಂಗ್ ನದಿಯಲ್ಲಿ ಅಂಥದೇ ಇನ್ನೊಂದು ಹೆಣ್ಣುಹಕ್ಕಿ ದೊರೆಯಿತು. ಜಪಾನಿನ ನಗಮಿಚಿ ಕುರೋಡ 1917ರಲ್ಲಿ ಅದನ್ನು ಸ್ವತಂತ್ರ ಪ್ರಭೇದವೆಂದು ಹೆಸರಿಸಿದನು. ಜಪಾನಿನ ಹಳೆಯ ಚಿತ್ರಗಳಲ್ಲಿ ಇದೇ ಹಕ್ಕಿ ಕಾಣಿಸಿಕೊಂಡಿದ್ದುದು ಈ ವಾದಕ್ಕೆ ಬಲ ಕೊಟ್ಟಿತು. ಎಂದೋ ಒಮ್ಮೆ ಆಕಸ್ಮಿಕವಾಗಿ ಹುಟ್ಟಿದ ಸಂಕರವು ಬೇರೆ ಬೇರೆ ಕಾಲದ, ಬೇರೆ ಬೇರೆ ಸ್ಥಳದ ದಾಖಲೆಗಳಲ್ಲಿ ಒಂದೇ ರೂಪದಿಂದ ಮರುಕಳಿಸುವುದು ಅಸಂಭವ. ಇಂದು ಜಗತ್ತಿನಲ್ಲಿ ಈ ಹಕ್ಕಿಯ ಮೂರು ಮಾದರಿಗಳು ಮಾತ್ರ ಉಳಿದಿವೆ; ಜೀವಂತ ಹಕ್ಕಿಯನ್ನು ಕಂಡುದಾಗಿ ಬಂದ ವರದಿಗಳಲ್ಲಿ ಗಮನಾರ್ಹವಾದುದು 1964ರದು. ಸಂಕರವೆಂದು ಬದಿಗೆ ಸರಿಸಿದುದು ನಿಜವಾಗಿ ಅಳಿವಿನಂಚಿನಲ್ಲಿದ್ದ ಒಂದು ಪ್ರಭೇದವಾಗಿತ್ತು. ಆ ತಪ್ಪನ್ನು ತಿದ್ದಲು ಸಾಧ್ಯವಾದುದು 1877ರ ತೊಗಲನ್ನು, ಅದರ ಸ್ಥಳಕಾಲಗಳೊಡನೆ, ಕೋಪನ್‌ಹೇಗನ್ನಿನಲ್ಲಿ ಕಾಪಾಡಿದ್ದರಿಂದ.

4

ಇನ್ನು ಟ್ಯಾಕ್ಸಿಡರ್ಮಿ ಎಂದು ಕರೆಯಲಾಗುವ ಚರ್ಮಪ್ರಸಾಧನ ಕಲೆಯ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಗಾಜುಪೆಟ್ಟಿಗೆಯ ಬಾತನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ಇದನ್ನು ಅವಲಂಬಿಸಿದೆ.

ನಿಲ್ಲಿಸಿದ ಹಕ್ಕಿಯಲ್ಲಿ ನಿಜವಾಗಿ ಹಕ್ಕಿಯದೆಂದು ಉಳಿಯುವುದು ತೊಗಲು, ಗರಿ, ಕೊಕ್ಕು, ಕಾಲು ಮತ್ತು ತಲೆಬುರುಡೆ, ರೆಕ್ಕೆಗಳ ಕೆಲವು ಎಲುಬುಗಳು ಮಾತ್ರ. ಹೊಟ್ಟೆಯ ಕಡೆಯಿಂದ ಸೀಳಿ ತೊಗಲನ್ನು ಮಗುಚುತ್ತ ಬಿಡಿಸುವುದು ವಾಡಿಕೆ. ಬಾತಿನಲ್ಲಿ ಕತ್ತು ಸಣ್ಣದು, ತಲೆ ದೊಡ್ಡದು. ಆದ್ದರಿಂದ ತಲೆ ಕತ್ತಿನ ತೊಗಲಿನೊಳಗಿಂದ ಹಾಯದು. ಹಿಂಗತ್ತಿನಲ್ಲಿ ಪ್ರತ್ಯೇಕವಾಗಿ ಸೀಳಬೇಕಾಗುತ್ತದೆ. ನೀರುಹಕ್ಕಿಯ ತೊಗಲಿಗೆ ಕೊಬ್ಬು ದಟ್ಟವಾಗಿ ಅಂಟಿರುತ್ತದೆ. ಅದನ್ನು ಪೂರ್ತಿಯಾಗಿ ಹೆರೆದು, ತೊಳೆದು ತೆಗೆಯದಿದ್ದರೆ ವರ್ಷಗಳು ಕಳೆದಂತೆ ಎಣ್ಣೆ ಒಸರಿ ಬಿಳಿಗರಿಗಳು ಹಳದಿಯಾಗುತ್ತವೆ, ತೊಗಲು ಸುಟ್ಟಂತೆ ಪುಡಿಯಾಗುತ್ತದೆ. ತೊಳೆದ ಗರಿಗಳನ್ನು ಮರದ ಹೊಟ್ಟು ಇಲ್ಲವೇ ಬೊರಾಕ್ಸ್ ಪುಡಿಯಿಂದ ಒಣಗಿಸಿ, ಮರದ ನಾರನ್ನು ದಾರದಿಂದ ಸುತ್ತಿ ಮಾಡಿದ ಕೃತಕ ಒಡಲನ್ನು ಒಳಗಿಟ್ಟು, ಕಾಲು, ರೆಕ್ಕೆ, ಕತ್ತುಗಳಿಗೆ ತಂತಿ ಸೇರಿಸಿ, ಗಾಜಿನ ಕಣ್ಣನ್ನಿಟ್ಟು ಹೊಲಿಯುತ್ತಾರೆ. ಕೀಟಗಳು ತಿನ್ನದಂತೆ ತೊಗಲಿನ ಒಳಮೈಗೆ, 18ನೆಯ ಶತಮಾನದಲ್ಲಿ ಫ್ರಾನ್ಸಿನ ಬೆಕ್ಯೂರ್ ರೂಪಿಸಿದ ಪಾಷಾಣಯುಕ್ತ ಸಾಬೂನನ್ನು ಸವರುವ ಪದ್ಧತಿ 20ನೆಯ ಶತಮಾನದವರೆಗೂ ನಡೆದುಬಂದಿತು. ಆದಕಾರಣ ಹಳೆಯ ಮಾದರಿಯನ್ನು ಬರಿಗೈಯಿಂದ ಮುಟ್ಟಬಾರದು.

ನಮ್ಮ ಪ್ರಶ್ನೆಗೆ ಅತ್ಯಂತ ಮುಖ್ಯವಾದ ಅಂಶ ಇನ್ನೊಂದಿದೆ. ಗರಿಯ ಬಣ್ಣ ಬಹುಕಾಲ ನಿಲ್ಲುತ್ತದೆ. ಕೊಕ್ಕು ಮತ್ತು ಕಾಲಿನ ಬಣ್ಣ ಹಕ್ಕಿ ಸತ್ತು ಒಣಗಿದಂತೆ ಮಾಸಿಹೋಗುತ್ತದೆ. ಪ್ರಸಾಧಕನು ಅವಕ್ಕೆ ಮತ್ತೆ ಬಣ್ಣ ಬಳಿಯುತ್ತಾನೆ. ಚುಕ್ಕೆಕೊಕ್ಕಿನ ಬಾತನ್ನು ಗುರುತಿಸಲು ಕೊಕ್ಕಿನ ತುದಿಯ ಹಳದಿ ಮತ್ತು ಬುಡದ ಕೆಂಪು ಚುಕ್ಕೆಗಳೇ ಪ್ರಧಾನ ಲಕ್ಷಣಗಳು. ಮರಾಠಿಯ ‘ಹಳದೀಕುಂಕೂ’ ಎಂಬ ಸೊಗಸಾದ ಹೆಸರು ಬಂದಿರುವುದೂ ಅವುಗಳಿಂದಲೇ. ಪುಣೆಯ ಆ ಬಾತಿನ ಕೊಕ್ಕಿನಲ್ಲಿ ಹಳದಿಯಿತ್ತು, ಕೆಂಪು ಇರಲಿಲ್ಲ. ಆ ಹಳದಿ ಹಕ್ಕಿಯದೋ ಪ್ರಸಾಧಕನ ಕುಂಚದ್ದೋ? ಮೂಲಪಾಠವೋ ಪ್ರಕ್ಷಿಪ್ತವೋ? ಇದನ್ನು ತಿಳಿದೇ ಅನುಭವಿಗಳಾದ ಸಂಗ್ರಾಹಕರು ಹಕ್ಕಿ ಕೈಗೆ ಬಂದ ಕೂಡಲೇ, ಬಣ್ಣ ಮಾಸುವ ಮುನ್ನ, ಕೊಕ್ಕು, ಕಾಲು, ಕಣ್ಣುಗಳ ವರ್ಣವನ್ನು ಚೀಟಿಯಲ್ಲಿ ಬರೆದಿಡುತ್ತಿದ್ದರು.

ಗರಿಯೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಉತ್ತರದ ಅನೇಕ ಬಾತುಗಳಲ್ಲಿ ಗಂಡುಗಳು ಸಂತಾನಕಾಲ ಮುಗಿದ ಮೇಲೆ ಹೊಳಪಿನ ಗರಿಗಳನ್ನು ಉದುರಿಸಿ, ಕೆಲವು ತಿಂಗಳು ಹೆಣ್ಣನ್ನು ಹೋಲುವ ಮಂಕು ಉಡುಪನ್ನು ತಾಳುತ್ತವೆ. ಈ ಎರಡು ಉಡುಪುಗಳ ನಡುವೆ ಬೇಟೆಗೆ ಸಿಕ್ಕ ಹಕ್ಕಿ ಸಂಕರದಂತೆ ಕಾಣಬಹುದು. ವಯಸ್ಸಾದ ಹೆಣ್ಣುಗಳಲ್ಲಿ ಗಂಡಿನ ಗರಿಗಳು ಮೂಡುವುದೂ ಉಂಟು. ಆದ್ದರಿಂದ ಬೇಟೆಯ ತಿಂಗಳು ಮತ್ತು ಒಡಲನ್ನು ಸೀಳಿದಾಗ ಕಂಡ ಲಿಂಗ, ಈ ಎರಡೂ ಚೀಟಿಯಲ್ಲಿರಬೇಕು. ಒಡಲನ್ನು ಎಸೆದ ಮೇಲೆ ಲಿಂಗನಿರ್ಣಯಕ್ಕೆ ಚೀಟಿಯ ಹೊರತು ಸುಲಭವಾದ ಆಧಾರವಿಲ್ಲ.

5

ಪುಣೆಯ ಸುತ್ತಣ ಪ್ರದೇಶಕ್ಕೆ ಪಕ್ಷಿಸಂಗ್ರಹದ ಒಂದು ದೀರ್ಘ ಪರಂಪರೆಯಿದೆ. ಬಾಂಬೆ ಸರಕಾರದ ಅಂಕಿಅಂಶಗಳ ವರದಿಗಾರನಾಗಿ 1820ರ ದಶಕದಲ್ಲಿ ಇಲ್ಲಿ ಸಂಚರಿಸಿದ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್, ತಾನು ಸಂಗ್ರಹಿಸಿದ ದಖ್ಖನಿನ ಪಕ್ಷಿಗಳ ಪಟ್ಟಿಯನ್ನು 1832ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ನಮ್ಮ ಕೆರೆಗಳ ಅಂಚಿನಲ್ಲಿ ನಿತ್ಯ ಕಾಣುವ ಕೊಳದ ಬಕದ ಶಾಸ್ತ್ರೀಯ ನಾಮವು ಸೈಕ್ಸ್‌ನ 1832ರ ನಾಮಕರಣ. ಡೇವಿಡ್‌ಸನ್ ಮತ್ತು ವೆಂಡನ್ 1878ರಲ್ಲಿ, ಎ. ಓ. ಹ್ಯೂಮ್ ನಡೆಸುತ್ತಿದ್ದ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ದಖ್ಖನಿನ ಪಕ್ಷಿಗಳನ್ನು ಕುರಿತು ಬರೆದರು. ಅದೇ ಡೇವಿಡ್‌ಸನ್ 1898ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಪಕ್ಷಿಗಳ ಬಗ್ಗೆ ಬರೆದನೆಂಬುದು ಕನ್ನಡದ ಸಂಶೋಧಕರು ಗಮನಿಸಬೇಕಾದ ಸಂಗತಿ. ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆಯನ್ನು ಸಲೀಂ ಅಲಿ 1939–40ರಲ್ಲಿ ನಡೆಸಿ 1942–43ರಲ್ಲಿ ಪ್ರಕಟಿಸಿದರು. ಅವರು ಈ ಶಾಸ್ತ್ರಕ್ಕೆ ಬಂದುದೂ ಬೇಟೆಯ ದಾರಿಯಿಂದಲೇ: ಬಾಲ್ಯದಲ್ಲಿ ತಾವು ಹೊಡೆದ ಹಳದಿಗೊರಳಿನ ಗುಬ್ಬಿಯೊಂದನ್ನು ಗುರುತಿಸಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದಾಗ ಕಾರ್ಯದರ್ಶಿ ಮಿಲ್ಲಾರ್ಡ್ ತೋರಿಸಿದ ಸಂಗ್ರಹ ಅವರ ಬದುಕನ್ನು ತಿರುಗಿಸಿತು.

ಹ್ಯೂಮನ ಕಥೆ ಹಸ್ತಪ್ರತಿಗಳ ಒಡನಾಟವುಳ್ಳವರಿಗೆ ಮರೆಯಲಾಗದ್ದು. ಭಾರತದ ಪಕ್ಷಿಗಳನ್ನು ಕುರಿತು ಅವನು ಸುಮಾರು ಕಾಲು ಶತಮಾನ ಕೂಡಿಸಿದ್ದ ಬರಹಗಳು 1880ರ ದಶಕದ ಆರಂಭದಲ್ಲಿ, ಅವನು ಶಿಮ್ಲಾದ ಮನೆಯಲ್ಲಿಲ್ಲದ ಸಮಯದಲ್ಲಿ, ರದ್ದಿಕಾಗದವಾಗಿ ಬಜಾರಿನಲ್ಲಿ ಮಾರಿಹೋದವು. ಮನನೊಂದ ಹ್ಯೂಮ್ ತನ್ನ ಹತ್ತಾರು ಸಾವಿರ ಮಾದರಿಗಳನ್ನು 1885ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿದನು. ಗ್ರಂಥ ನಾಶವಾಯಿತು, ತೊಗಲಿಗೆ ಕಟ್ಟಿದ ಚೀಟಿಗಳು ಉಳಿದವು. ಇಂದಿಗೂ ಹ್ಯೂಮನ ಸಂಗ್ರಹ ಸಂಶೋಧನೆಗೆ ಒದಗುತ್ತಿರುವುದು ಆ ಚೀಟಿಗಳ ಬಲದಿಂದ.

ಇದಕ್ಕೆ ಹೋಲಿಸಿದರೆ ಬೇಟೆಯ ವಿಜಯಚಿಹ್ನೆಯಾಗಿ ಸಿದ್ಧಪಡಿಸಿದ ಮಾದರಿಗಳ ಸ್ಥಿತಿ ಬೇರೆ. ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆ ಸುಮಾರು 1900ರಿಂದ 1999ರವರೆಗೆ ಈ ಕಲೆಯಲ್ಲಿ ವಿಶ್ವಖ್ಯಾತಿ ಗಳಿಸಿತು. ಅದು ಸಿದ್ಧಪಡಿಸಿದ ಹುಲಿ, ಚಿರತೆಗಳೇ 43,000ಕ್ಕೂ ಹೆಚ್ಚು. ಅರಮನೆಗಳ ಗೋಡೆಯನ್ನು ಅಲಂಕರಿಸಿದ ಇಂಥ ಮಾದರಿಗಳಿಂದ ಬೇಟೆಗಾರನ ಕೀರ್ತಿ, ಪ್ರಸಾಧಕನ ಕೌಶಲಗಳು ತಿಳಿಯುತ್ತವೆ. ಪ್ರಾಣಿಯ ನೆಲೆ ಹೆಚ್ಚಾಗಿ ತಿಳಿಯುವುದಿಲ್ಲ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮೃಗಯೆ, ಶ್ಯೇನ ಮೊದಲಾದ ವಿನೋದಗಳ ನಿರೂಪಣೆಯಿದೆ. ಬೇಟೆ ಅಲ್ಲಿ ಅರಸನ ವಿನೋದ. ವಿನೋದವಾಗಿದ್ದ ಬೇಟೆ ಪ್ರಮಾಣವಾದುದು ಸ್ಥಳಕಾಲಗಳನ್ನು ಬರೆದಿಡುವ ಅಭ್ಯಾಸದಿಂದ.

6

ಪುಣೆಯ ಬಾತಿಗೆ ಮರಳೋಣ. ಚುಕ್ಕೆಕೊಕ್ಕಿನ ಬಾತು ದಖ್ಖನಿನಲ್ಲಿ ವರ್ಷವಿಡೀ ನೆಲೆಸಿ ಮರಿಮಾಡುವ ಹಕ್ಕಿ. ಮಲಾರ್ಡ್ ಕಾಶ್ಮೀರದಲ್ಲಿ ಗೂಡು ಕಟ್ಟುತ್ತದೆ. ಚಳಿಗಾಲದಲ್ಲಿ ವಾಯವ್ಯ ಭಾರತದಲ್ಲಿ ಸಾಮಾನ್ಯ, ದಖ್ಖನಿನಲ್ಲಿ ವಿರಳ. ಆ ಹಕ್ಕಿ ಕಾಶ್ಮೀರದಲ್ಲಿಯೋ ಉತ್ತರದ ಜೌಗುಗಳಲ್ಲಿಯೋ ಬೇಟೆಗೆ ಸಿಕ್ಕಿದ್ದರೆ ಕಾಡಿನಲ್ಲಿಯೇ ಆದ ಸಂಕರದ ಸಂಭವವನ್ನು ಗಂಭೀರವಾಗಿ ಪರಿಗಣಿಸಬೇಕು. ಪುಣೆಯ ಕೆರೆಯೊಂದರಲ್ಲಿ ಸಿಕ್ಕಿದ್ದರೆ ಬೇರೆ ಶಂಕೆ ಮೂಡುತ್ತದೆ. ಮಸ್ಕವಿ ಬಾತನ್ನು ಬಿಟ್ಟರೆ ಸಾಕುಬಾತುಗಳೆಲ್ಲವೂ ಮಲಾರ್ಡಿನ ಸಂತತಿ. ಸುರುಳಿಬಾಲ ಅವುಗಳ ಗಂಡುಗಳಲ್ಲಿಯೂ ಉಂಟು. ಹಳ್ಳಿಯ ಸಾಕುಬಾತು ಕೆರೆಯ ಕಾಡುಬಾತಿನೊಡನೆ ಕೂಡಿದ್ದರ ಫಲ ಅದಾಗಿರಬಹುದು. ಹೀಗೆ ಒಂದೇ ತೊಗಲು, ಊರಿನ ಹೆಸರು ಬದಲಾದಂತೆ, ಎರಡು ಭಿನ್ನ ಚರಿತ್ರೆಗಳನ್ನು ಹೇಳಬಲ್ಲದು. ಆ ಹೆಸರಿದ್ದ ಕಾಗದವೇ ಇಂದು ಇಲ್ಲ.

ವಂಶವಾಹಿ ಪರೀಕ್ಷೆ ಇದಕ್ಕೆ ಪರಿಹಾರವಲ್ಲವೇ ಎಂದು ಕೇಳಬಹುದು. ಹಳೆಯ ಮಾದರಿಗಳ ಅಂಗಾಲಿನ ಚರ್ಮದ ಸಣ್ಣ ತುಣುಕಿನಿಂದ ಡಿಎನ್‌ಎ ಪಡೆಯುವುದು ಈಗ ರೂಢಿಯಲ್ಲಿದೆ. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯ ವಂಶವನ್ನು ಮಾತ್ರ ತೋರಿಸುತ್ತದೆ. ತಂದೆಯ ಕಡೆಯನ್ನು ತಿಳಿಯಲು ಕೋಶಕೇಂದ್ರದ ಡಿಎನ್‌ಎಯನ್ನೂ ಪರೀಕ್ಷಿಸಬೇಕು. ಇವೆರಡರಿಂದ ತಂದೆತಾಯಿಗಳ ಪ್ರಭೇದ ತಿಳಿದೀತು. ಆದರೆ ಆ ಹಕ್ಕಿ ಯಾವ ಕೆರೆಯಿಂದ, ಯಾವ ತಿಂಗಳಲ್ಲಿ ಬಂದಿತೆಂಬುದನ್ನು ಪ್ರಯೋಗಾಲಯ ಹೇಳಲಾರದು.

7

ಇಂದು ಇಂಥ ಹೊಸ ಮಾದರಿಯನ್ನು ಬೇಟೆಯಿಂದ ಪಡೆಯುವ ಪ್ರಶ್ನೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಪರವಾನಗಿಯ ಬೇಟೆಗೆ ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನು ಕೊನೆಗಾಣಿಸಿತು. ಕಾಡುಪ್ರಾಣಿಗಳ ಚರ್ಮಪ್ರಸಾಧನಕ್ಕೂ ಕಾಯ್ದೆಯ ನಿರ್ಬಂಧವಿದೆ. ಮುಂಬಯಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2009ರಲ್ಲಿ ಆರಂಭವಾದ ಕೇಂದ್ರದಲ್ಲಿ ಪಶುವೈದ್ಯ ಡಾ. ಸಂತೋಷ್ ಗಾಯಕ್ವಾಡ್ ಅವರು ಸಹಜವಾಗಿ ಸತ್ತ ಪ್ರಾಣಿಪಕ್ಷಿಗಳನ್ನು ಶಿಕ್ಷಣದ ಉದ್ದೇಶಕ್ಕಾಗಿ ಸಿದ್ಧಪಡಿಸಿದ್ದಾರೆ. ಬೇಟೆ ನಿಂತುದು ಸರ್ವಥಾ ಯೋಗ್ಯವಾದುದೇ. ಅದರಿಂದಾಗಿಯೇ ಈಗಾಗಲೇ ಇರುವ ಹಳೆಯ ಮಾದರಿಗಳ ಬೆಲೆ ಹೆಚ್ಚಿದೆ. ಅವುಗಳ ಸಂಖ್ಯೆ ಇನ್ನು ಕ್ಷೀಣಿಸುವುದೇ ಹೊರತು ಬೆಳೆಯದು. ಮಾಲೀಕತ್ವದ ದಾಖಲೆಯಿಲ್ಲದ ವಸ್ತುವನ್ನು ಮನೆಯಲ್ಲಿಟ್ಟುಕೊಳ್ಳುವ ಅಂಜಿಕೆಯಿಂದಲೂ, ಹುಳು ಹಿಡಿಯಿತೆಂಬ ಕಾರಣದಿಂದಲೂ ಕುಟುಂಬಗಳು ಇವನ್ನು ಸದ್ದಿಲ್ಲದೆ ಸುಟ್ಟುಬಿಡುವ ಸಂಭವವಿದೆ. ಕಾನೂನಿನ ವಿಚಾರವನ್ನು ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪಾಲಕರಲ್ಲಿ ವಿಚಾರಿಸುವುದೇ ಸರಿಯಾದ ಮಾರ್ಗ.

ಆದುದರಿಂದ ಹೊರನಾಡಿನಲ್ಲಿ ಕ್ಷೇತ್ರಕಾರ್ಯ ನಡೆಸುವ ಕನ್ನಡ ಸಂಶೋಧಕರಲ್ಲಿ ಒಂದು ವಿನಂತಿ. ಓಲೆಗರಿಯನ್ನು ಹುಡುಕಿ ಹೋದ ಮನೆಯಲ್ಲಿ ಹಳೆಯ ಹಕ್ಕಿಯೋ ಕೊಂಬೋ ಕಂಡರೆ ಕಡೆಗಣಿಸಬಾರದು. ಮುಟ್ಟದೆ ನಾಲ್ಕೂ ಕಡೆಯಿಂದ ಛಾಯಾಚಿತ್ರ ತೆಗೆಯಬೇಕು. ಪೀಠದ ಅಡಿ, ಪೆಟ್ಟಿಗೆಯ ಹಿಂಬದಿ, ಹಕ್ಕಿಯ ಕಾಲು, ಈ ಮೂರು ಕಡೆ ಬರಹವಿದೆಯೇ ಎಂದು ನೋಡಿ, ಇದ್ದುದನ್ನು ಕಾಗುಣಿತದ ತಪ್ಪುಗಳೊಡನೆ ಯಥಾಪ್ರತಿ ಮಾಡಿಕೊಳ್ಳಬೇಕು. ಬರಹವಿಲ್ಲದಿದ್ದರೆ ಮನೆಯ ಹಿರಿಯರು ಹೇಳುವ ಊರು, ಕೆರೆ, ವರ್ಷಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಆ ಹಕ್ಕಿಗೆ ಅವರು ಬಳಸುವ ಹೆಸರನ್ನೂ, ಅದು ಕನ್ನಡವೋ ಮರಾಠಿಯೋ ಎಂಬುದನ್ನೂ ಸೇರಿಸಿದರೆ ನಿಘಂಟುಕಾರರಿಗೂ ಉಪಕಾರವಾದೀತು. ಇದಕ್ಕೆ ಪಕ್ಷಿಶಾಸ್ತ್ರದ ಪರಿಣತಿ ಬೇಕಿಲ್ಲ. ಪುಷ್ಪಿಕೆಯನ್ನು ಓದಿ ಬಲ್ಲ ಕಣ್ಣು ಸಾಕು.

ಪುಣೆಯ ಆ ಮನೆಯವರು ತಮ್ಮ ಹಿರಿಯರ ಬಗ್ಗೆ ನೆನಪಿದ್ದಷ್ಟನ್ನು ಹೇಳಿದರು. ಅದನ್ನು ಒಂದು ಹಾಳೆಯಲ್ಲಿ ಬರೆದು, ಹೇಳಿದ ದಿನಾಂಕವನ್ನು ಸೇರಿಸಿ, ಇದು ಮೂಲ ಚೀಟಿಯಲ್ಲ, ಬಾಯ್ಮಾತಿನ ದಾಖಲೆ ಎಂದು ಸ್ಪಷ್ಟವಾಗಿ ನಮೂದಿಸಿ, ಪೆಟ್ಟಿಗೆಯ ಹಿಂಬದಿಗೆ ಅಂಟಿಸಿ ಬಂದಿದ್ದೇನೆ. ಬಾತು ಸಂಕರವೋ ಅಲ್ಲವೋ ಎಂಬ ಪ್ರಶ್ನೆ ತಜ್ಞರಿಗಾಗಿ ಕಾದಿದೆ.